ಗಂಡ ದುಬೈ ಆಸ್ಪತ್ರೆಯಲ್ಲಿ: ಊರಿಗೆ ಕರೆಸಿಕೊಳ್ಳುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಮ್ಮದು ಕಾಪು ಹತ್ತಿರ. ನನ್ನ ಗಂಡನಿಗೆ 44 ವರ್ಷ. ಒಂಬತ್ತು ವರ್ಷದಿಂದ ದುಬೈಯ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದಾರೆ. ಮೊನ್ನೆ ರಾತ್ರಿ ಎದೆನೋವು ಬಂದು ರೂಮಿನವರು ಆಸ್ಪತ್ರೆಗೆ ಸೇರಿಸಿದರು. ಹಾರ್ಟ್ ಅಟ್ಯಾಕ್ ಅಂತೆ, ಒಂದು ಸ್ಟೆಂಟ್ ಹಾಕಿದ್ದಾರಂತೆ. ನಾವು ಆಸ್ಪತ್ರೆಗೆ ಫೋನ್ ಮಾಡಿದರೆ ಏನೂ ಹೇಳುವುದಿಲ್ಲ. ಕಂಪನಿಯಲ್ಲಿ ವೀಸಾ, ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಒ ಫೋನ್ ಎತ್ತುವುದಿಲ್ಲ. ಅವರಿಗೆ ಮೊದಲೇ ಬಿಪಿ ಇತ್ತು, ಮಾತ್ರೆ ಊರಿನಿಂದಲೇ ಕೊಂಡುಹೋಗುತ್ತಿದ್ದರು. ಅದನ್ನು ಹೇಳಿದರೆ ಇನ್ಶೂರೆನ್ಸ್ ಸಿಗುವುದಿಲ್ಲ, ಬಾಯಿ ಬಿಡಬೇಡಿ ಅಂತ ಪರಿಚಯದವರೊಬ್ಬರು ಹೇಳಿದ್ದಾರೆ. ಅತ್ತೆ ಮತ್ತು ಭಾವ ಕೂಡಲೇ ಮಂಗಳೂರಿಗೆ ಕರೆತನ್ನಿ ಅನ್ನುತ್ತಿದ್ದಾರೆ. ನಾನು ಅಲ್ಲಿಗೆ ಹೋಗಬೇಕಾ? ಅವರ ಕೆಲಸ ಹೋಗುತ್ತದಾ? ದಾರಿ ತೋರಿಸಿ, ಡಾಕ್ಟ್ರೇ.

ಉತ್ತರ: ಅಕ್ಕ, ನಿಮ್ಮ ಪತ್ರದಲ್ಲಿ ಒಳ್ಳೆಯ ಸುದ್ದಿಯೂ ಉಂಟು, ಗಾಬರಿಯಲ್ಲಿ ನೀವೇ ಅದನ್ನು ಗಮನಿಸಿಲ್ಲ. ಸ್ಟೆಂಟ್ ಹಾಕಿ ಆಗಿದೆ. ಹಾರ್ಟ್ ಅಟ್ಯಾಕ್‌ನಲ್ಲಿ ಮೊದಲ ದೊಡ್ಡ ಕೆಲಸ ಅದೇ. ರೋಗಿ ಆಸ್ಪತ್ರೆಗೆ ಬಂದ 90 ನಿಮಿಷದೊಳಗೆ ಮುಚ್ಚಿದ ರಕ್ತನಾಳ ತೆರೆಯಬೇಕು ಅನ್ನುವುದು ಸಾಮಾನ್ಯ ಗುರಿ. ಇಲ್ಲಿ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಸೇರಿಸಿದ್ದರೂ ಮೊದಲ ದಿನ ಮಾಡುತ್ತಿದ್ದದ್ದು ಇದನ್ನೇ. ಹಾಗಾಗಿ ಅಲ್ಲಿ ಸರಿಯಾಗಿ ನೋಡುತ್ತಾರೋ ಇಲ್ಲವೋ ಅನ್ನುವ ಚಿಂತೆಯನ್ನು ಸ್ವಲ್ಪ ಬದಿಗಿಡಿ. ಚಿಕಿತ್ಸೆ ಅಲ್ಲಿನವರ ಕೆಲಸ. ನಿಮ್ಮ ಪಾಲಿಗೆ ಬಂದಿರುವುದು ಫೋನು, ಕಾಗದಪತ್ರ, ಮತ್ತೆ ಮನೆಯವರ ಅವಸರವನ್ನು ತಡೆಯುವುದು. ಮೂರರಲ್ಲಿ ಕಷ್ಟದ್ದು ಕೊನೆಯದೇ.

ಎಲ್ಲಕ್ಕಿಂತ ಮೊದಲು ಬಿಪಿ ವಿಷಯ, ಯಾಕೆಂದರೆ ಅದನ್ನು ಇವತ್ತೇ ಸರಿ ಮಾಡಬೇಕು. ಬಿಪಿ ಇತ್ತು, ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಅಂತ ವಾರ್ಡಿನ ಡಾಕ್ಟರಿಗೆ ಹೇಳಲೇಬೇಕು. ಊರಿನ ಕಷಾಯ, ಆಯುರ್ವೇದದ ಮಾತ್ರೆ ಇದ್ದರೆ ಅದನ್ನೂ ಹೇಳಬೇಕು. ಈಗ ಅವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಔಷಧಿ ಒಟ್ಟಿಗೆ ಕೊಡುತ್ತಿರುತ್ತಾರೆ, ಜೊತೆಗೆ ಬಿಪಿ ಇಳಿಸುವ ಔಷಧಿಯೂ ಇರಬಹುದು. ಹಳೆಯ ಮಾತ್ರೆ ಯಾವುದು ಅಂತ ಗೊತ್ತಿಲ್ಲದೆ ಡೋಸ್ ನಿರ್ಧರಿಸುವುದು ಕುರುಡು ಕೆಲಸ. ಇಲ್ಲಿನ ಡಾಕ್ಟರ ಚೀಟಿ ಮನೆಯಲ್ಲಿ ಇರುತ್ತದೆ ಅಲ್ವಾ? ಫೋಟೋ ತೆಗೆದು ಕಳಿಸಿ. ಬ್ರ್ಯಾಂಡ್ ಹೆಸರು ಮಾತ್ರ ಕಳಿಸಿದರೆ ಸಾಲದು, ಸ್ಟ್ರಿಪ್ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಮೂಲ ಹೆಸರೂ ಬೇಕು. ಇಲ್ಲಿ ಡೋಲೋ ಅಂದರೆ ಮೆಡಿಕಲ್‌ನವರು ಕೂಡಲೇ ತೆಗೆದುಕೊಡುತ್ತಾರೆ, ಅಲ್ಲಿ ಅದೇ ಔಷಧಿ ಪನಡೋಲ್. ಪ್ಯಾರಾಸಿಟಮಾಲ್ ಅಂದರೆ ಎರಡೂ ಕಡೆ ಅರ್ಥವಾಗುತ್ತದೆ.

ಇನ್ನು ಇನ್ಶೂರೆನ್ಸ್ ಹೆದರಿಕೆ. ದುಬೈಯಲ್ಲಿ ಕೆಲಸಗಾರರಿಗೆ ಕಂಪನಿಯೇ ಆರೋಗ್ಯ ವಿಮೆ ಮಾಡಿಸಬೇಕು ಅನ್ನುವ ಕಾನೂನು 2013ರದ್ದು. ಶಾರ್ಜಾ, ಅಜ್ಮಾನ್ ಮೊದಲಾದ ಉತ್ತರದ ಎಮಿರೇಟ್‌ಗಳಿಗೆ ಇದು ಕಡ್ಡಾಯವಾದದ್ದು 2025ರ ಜನವರಿಯಿಂದ. ದುಬೈಯ ಮೂಲ ಪಾಲಿಸಿಯಲ್ಲಿ ಹಳೆ ಕಾಯಿಲೆಗೆ ಆರು ತಿಂಗಳು ಕಾಯಬೇಕು ಅಂತ ಉಂಟು. ಆದರೆ ಅದು ಮೊದಲ ಸಲ ಪಾಲಿಸಿಗೆ ಸೇರಿದವರಿಗೆ. ಅವರಿಗೂ ತುರ್ತು ಚಿಕಿತ್ಸೆ ಸಿಗುತ್ತದೆ. ನಿಮ್ಮ ಯಜಮಾನರು ಒಂಬತ್ತು ವರ್ಷದಿಂದ ಇದ್ದಾರೆ, ಬಂದದ್ದು ಹಾರ್ಟ್ ಅಟ್ಯಾಕ್. ಇದಕ್ಕಿಂತ ದೊಡ್ಡ ತುರ್ತು ಯಾವುದು? ಬಾಯಿ ಬಿಡಬೇಡಿ ಅಂದವರ ಮನಸ್ಸು ಒಳ್ಳೆಯದೇ ಇರಬಹುದು. ಅವರ ಸಲಹೆ ಅಪಾಯದ್ದು.

ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮನೆಯಲ್ಲಿ ಜಾಸ್ತಿ ನಿದ್ದೆ ಕೆಡಿಸುವುದು ಅದೇ. ತಿಂಗಳಿಗೆ 4,000 ದಿರ್ಹಮ್‌ವರೆಗೆ ಸಂಬಳ ಇರುವವರಿಗೆ ದುಬೈಯಲ್ಲಿ ಇರುವುದು ಸಾಮಾನ್ಯವಾಗಿ ಮೂಲ ಪಾಲಿಸಿ. ಅದರ ಮಿತಿ ವರ್ಷಕ್ಕೆ 1,50,000 ದಿರ್ಹಮ್. ಅಡ್ಮಿಟ್ ಆದಾಗ ಬಿಲ್ಲಿನ ಶೇಕಡಾ 20 ರೋಗಿ ಕೊಡಬೇಕು, ಆದರೆ ಅದಕ್ಕೂ ಮಿತಿ ಇದೆ: ಒಂದು ಸಲಕ್ಕೆ 500 ದಿರ್ಹಮ್, ವರ್ಷಕ್ಕೆ 1,000. ಅದರ ಮೇಲಿನದು ವಿಮೆಯವರ ಪಾಲು. ಬಿಲ್ ಎಷ್ಟೋ ಸಾವಿರ ಆಗಿದೆಯಂತೆ ಅಂತ ರೂಮಿನವರು ಹೇಳಿದ ಕೂಡಲೇ ರೂಪಾಯಿಗೆ ಗುಣಿಸಿ, ಒಡವೆ ಅಡವಿಡಲು ಸೊಸೈಟಿಗೆ ಹೋಗಬೇಡಿ. ಆ ಬಿಲ್ ನಿಮಗೆ ಬಂದದ್ದಲ್ಲ. ಸಂಬಳ ಜಾಸ್ತಿ ಇದ್ದು ಕಂಪನಿ ಬೇರೆ ಪಾಲಿಸಿ ಕೊಟ್ಟಿದ್ದರೆ ಲೆಕ್ಕ ಬೇರೆ ಇರುತ್ತದೆ. ಎಮಿರೇಟ್ಸ್ ಐಡಿ ನಂಬರ್ ಹಾಕಿದರೆ ಯಾವ ಪಾಲಿಸಿ, ಈ ವರ್ಷದ ಮಿತಿಯಲ್ಲಿ ಎಷ್ಟು ಉಳಿದಿದೆ ಅಂತ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನವರು ನೋಡಿ ಹೇಳುತ್ತಾರೆ. ಉಳಿದಿರುವ ಮಿತಿ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಲು ಹೇಳಿ. ಆ ಅಂಕಿ ಮುಂದೆ ಬೇಕಾಗುತ್ತದೆ.

ಆಸ್ಪತ್ರೆ ಅವರ ಪಾಲಿಸಿಯ ನೆಟ್‌ವರ್ಕ್‌ನಲ್ಲಿ (ವಿಮೆಯವರ ಜೊತೆ ಒಪ್ಪಂದ ಇರುವ ಆಸ್ಪತ್ರೆಗಳ ಪಟ್ಟಿಯಲ್ಲಿ) ಇಲ್ಲದೆಯೂ ಇರಬಹುದು. ಎದೆನೋವು ಬಂದವರನ್ನು ಹತ್ತಿರದ ಆಸ್ಪತ್ರೆಗೆ ಸೇರಿಸುತ್ತಾರೆ, ನೆಟ್‌ವರ್ಕ್ ನೋಡಿಕೊಂಡು ಯಾರೂ ಹೋಗುವುದಿಲ್ಲ. ತುರ್ತು ಇರುವವರೆಗೆ ಇದು ತೊಂದರೆ ಆಗುವುದಿಲ್ಲ. ಜೀವಕ್ಕೆ ಅಪಾಯ ಇಲ್ಲ ಅಂತ ಆದ ಮೇಲೆ ನೆಟ್‌ವರ್ಕ್ ಆಸ್ಪತ್ರೆಗೆ ಕಳಿಸುತ್ತೇವೆ ಅಂದರೆ ಜಗಳ ಮಾಡದೆ ಒಪ್ಪಿಕೊಳ್ಳಿ. ಬೇಡ, ಇಲ್ಲೇ ಇರುತ್ತೇವೆ ಅಂತ ಹಟ ಹಿಡಿದರೆ ಆಮೇಲಿನ ಬಿಲ್ ತಲೆ ಮೇಲೆ ಬರುತ್ತದೆ.

ಆಸ್ಪತ್ರೆಯವರು ಫೋನಿನಲ್ಲಿ ಏನೂ ಹೇಳುವುದಿಲ್ಲ ಅಂದಿರಿ. ಅದು ಸೊಕ್ಕಲ್ಲ. ರೋಗಿಯ ಮಾಹಿತಿ ಬಗ್ಗೆ ಅಲ್ಲಿ ಕಾನೂನು ಬಿಗಿ. ಫೋನಿನ ಆ ಕಡೆ ಇರುವುದು ನಿಜವಾಗಿ ಹೆಂಡತಿಯೇ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಯಜಮಾನರಿಗೆ ಪ್ರಜ್ಞೆ ಇದೆ ಅಂದರೆ ದಾರಿ ಸುಲಭ. ನಿಮಗೂ ಅಲ್ಲಿರುವ ಒಬ್ಬ ಗೆಳೆಯನಿಗೂ ಮಾಹಿತಿ ಕೊಡಬಹುದು ಅಂತ ಅವರು ನರ್ಸ್‌ಗೆ ಹೇಳಿ ಸಹಿ ಹಾಕಿದರೆ ಸಾಕು. ಒಬ್ಬನೇ ಗೆಳೆಯ, ಐದು ಜನ ಬೇಡ. ಐದು ಜನ ಇದ್ದರೆ ಸ್ಟೆಂಟ್ ಒಂದು ಇದ್ದದ್ದು ಸಂಜೆಯೊಳಗೆ ಮೂರಾಗುತ್ತದೆ, ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳ ವೇಗ ನಿಮಗೆ ಗೊತ್ತೇ ಇದೆ. ಗಲ್ಫ್ ಆಸ್ಪತ್ರೆಗಳಲ್ಲಿ ನಮ್ಮವರು, ಕೇರಳದವರು ಬೇಕಾದಷ್ಟು ಜನ ನರ್ಸ್‌ಗಳಿದ್ದಾರೆ. ಕನ್ನಡ, ತುಳು ಬಲ್ಲವರು ಯಾರಾದರೂ ಇದ್ದಾರಾ ಅಂತ ಕೇಳಲು ಸಂಕೋಚ ಬೇಡ.

ಈ ಜಾಗದಲ್ಲಿ ಎರಡು ಎಚ್ಚರಿಕೆ. ವಾರ್ಡ್ ತೋರಿಸು, ವಿಡಿಯೋ ಮಾಡು ಅಂತ ಗೆಳೆಯನಿಗೆ ಒತ್ತಾಯ ಮಾಡಬೇಡಿ. ಒಪ್ಪಿಗೆ ಇಲ್ಲದೆ ಬೇರೆಯವರ ಫೋಟೋ ತೆಗೆಯುವುದು ಅಲ್ಲಿ ಅಪರಾಧ. ಪಕ್ಕದ ಹಾಸಿಗೆಯವರು ವಿಡಿಯೋದಲ್ಲಿ ಕಂಡು ದೂರು ಕೊಟ್ಟರೆ ಪಾಪ, ಸಹಾಯ ಮಾಡಲು ಬಂದವನು ಸಿಕ್ಕಿಹಾಕಿಕೊಳ್ಳುತ್ತಾನೆ. ಎರಡನೆಯದು, ಸಹಾಯಧನ ಕೇಳಿ ಫೋಟೋ ಮತ್ತು ಕ್ಯೂಆರ್ ಕೋಡ್ ಹಾಕಿ ಮೆಸೇಜ್ ಹರಡುವುದು. ಯುಎಇಯಲ್ಲಿ ಪರವಾನಗಿ ಇಲ್ಲದೆ ಯಾರೂ ಚಂದಾ ಎತ್ತುವ ಹಾಗಿಲ್ಲ. ಅಲ್ಲಿರುವ ಗೆಳೆಯರು ಈ ಮೆಸೇಜ್ ಫಾರ್ವರ್ಡ್ ಮಾಡಿದರೂ ಕಷ್ಟ. ಭಾವನಿಗೆ ಇದನ್ನು ಇವತ್ತೇ ಹೇಳಿ, ಯಾಕೆಂದರೆ ಇಂಥ ಮೆಸೇಜ್ ಮಾಡುವವರು ಯಾರನ್ನೂ ಕೇಳಿ ಮಾಡುವುದಿಲ್ಲ.

ಪಿಆರ್‌ಒ ಫೋನ್ ಎತ್ತದಿದ್ದರೆ ಬಿಡಿ, ಕಂಪನಿಯ ಎಚ್‌ಆರ್‌ಗೆ ಇಮೇಲ್ ಹೋಗಬೇಕು. ಕೆಲಸಗಾರ ಕಾಯಿಲೆ ಬಿದ್ದರೆ ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಬೇಕು ಅಂತ ಯುಎಇ ಕಾರ್ಮಿಕ ಕಾನೂನು ಹೇಳುತ್ತದೆ. ಆಸ್ಪತ್ರೆಯಿಂದ ರಜೆಯ ಸರ್ಟಿಫಿಕೇಟ್ ಸಿಗುತ್ತದೆ, ಅದನ್ನು ಲಗತ್ತಿಸಿ ಗೆಳೆಯನೇ ಕಳಿಸಬಹುದು. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ, ಇಮೇಲ್‌ಗೆ ಇದೆ. ಪ್ರೊಬೇಷನ್ ಮುಗಿಸಿದವರಿಗೆ ವರ್ಷಕ್ಕೆ 90 ದಿನ ಕಾಯಿಲೆ ರಜೆ ಉಂಟು. ಮೊದಲ 15 ದಿನ ಪೂರ್ತಿ ಸಂಬಳ, ನಂತರದ 30 ದಿನ ಅರ್ಧ, ಉಳಿದ 45 ದಿನ ಸಂಬಳ ಇಲ್ಲ. ಆ 90 ದಿನ ಮುಗಿದ ಮೇಲೂ ಕೆಲಸಕ್ಕೆ ಹೋಗಲು ಆಗದಿದ್ದರೆ ಕಂಪನಿ ತೆಗೆಯಬಹುದು, ಆದರೆ ಗ್ರಾಚ್ಯುಟಿ ಮತ್ತು ಬಾಕಿ ಕೊಡಬೇಕು. ತೊಡಕಿಲ್ಲದ ಅಟ್ಯಾಕ್ ಆಗಿ, ಸ್ಟೋರ್ ಕೀಪರ್ ಕೆಲಸ ಆಗಿದ್ದರೆ ಹೆಚ್ಚಿನವರು ಅಷ್ಟು ದಿನ ತೆಗೆದುಕೊಳ್ಳುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ: ಇಷ್ಟಕ್ಕೇ ಕೆಲಸ ಹೋಗಬೇಕಾಗಿಲ್ಲ. (ಸೌದಿಯಲ್ಲಿ ಇರುವವರಿಗೆ ಲೆಕ್ಕ ಬೇರೆ: 30 ದಿನ ಪೂರ್ತಿ ಸಂಬಳ, 60 ದಿನ ಮುಕ್ಕಾಲು, ಮತ್ತೆ 30 ದಿನ ಸಂಬಳವಿಲ್ಲದ ರಜೆ.)

ಈಗ ಅತ್ತೆ, ಭಾವ ಹೇಳುತ್ತಿರುವ ಮಾತಿಗೆ ಬರೋಣ. ನನ್ನ ಅಭಿಪ್ರಾಯ ನೇರ: ಈಗಲೇ ಕರೆತರಬೇಡಿ.

ಒಂದು ಕಾರಣ ದೇಹದ್ದು. ವಿಮಾನದ ಒಳಗೆ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. 6,000ದಿಂದ 8,000 ಅಡಿ ಎತ್ತರದಲ್ಲಿ ಎಷ್ಟಿರುತ್ತದೋ ಅಷ್ಟು. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಮೊನ್ನೆ ಅಟ್ಯಾಕ್ ಆದವರನ್ನು ಮೂರೂವರೆ ಗಂಟೆ ಅಲ್ಲಿ ಕೂರಿಸಿದ ಹಾಗೆ ಲೆಕ್ಕ ಹಾಕಿಕೊಳ್ಳಿ. ಹೃದಯ ಎಷ್ಟು ಬಲವಾಗಿ ಪಂಪ್ ಮಾಡುತ್ತಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್‌ನಲ್ಲಿ ಇಎಫ್ ಅಂತ ಒಂದು ಅಂಕಿ ಇರುತ್ತದೆ. ಮೊದಲ ಅಟ್ಯಾಕ್, 65ರ ಒಳಗಿನ ವಯಸ್ಸು, ರಕ್ತನಾಳ ಚೆನ್ನಾಗಿ ತೆರೆದಿದೆ, ಇಎಫ್ 45ಕ್ಕಿಂತ ಮೇಲಿದೆ, ಬೇರೆ ತೊಡಕು ಇಲ್ಲ ಅಂತಾದರೆ ಮೂರು ದಿನದ ನಂತರವೂ ಹಾರಬಹುದು ಅಂತ ಬ್ರಿಟನ್ನಿನ ಹೃದಯ ತಜ್ಞರ ಸೂಚನೆ ಹೇಳುತ್ತದೆ. ಇಎಫ್ 40ಕ್ಕಿಂತ ಮೇಲಿದ್ದರೆ ಹತ್ತು ದಿನ. ಅದಕ್ಕೂ ಕಡಿಮೆ ಇದ್ದರೆ, ಉಸಿರಾಟದ ತೊಂದರೆ ಇದ್ದರೆ ಇನ್ನೂ ಕಾಯಬೇಕು. ನಿಮ್ಮ ಯಜಮಾನರು ಯಾವ ಗುಂಪಿನವರು ಅಂತ ಅವರ ಕಾರ್ಡಿಯಾಲಜಿಸ್ಟ್ ಹೇಳಬೇಕು. ಕಾಪುವಿನಲ್ಲಿ ಕೂತು ನೀವೂ ಹೇಳಲಾಗದು, ಮಂಗಳೂರಿನಲ್ಲಿ ಕೂತು ನಾನೂ ಹೇಳಲಾಗದು.

ಇನ್ನೊಂದು ಕಾರಣ ದುಡ್ಡಿನದು. ಮನೆಯವರು ಯೋಚಿಸದೆ ಇರುವುದು ಇದನ್ನೇ. ಒಂದು ಸ್ಟೆಂಟ್ ಹಾಕಿದ್ದಾರೆ ಅಂದಿರಿ. ಅಟ್ಯಾಕ್ ಆದಾಗ ಡಾಕ್ಟರು ಆ ಹೊತ್ತಿಗೆ ಮುಚ್ಚಿಹೋದ ನಾಳವನ್ನು ಮೊದಲು ತೆರೆಯುತ್ತಾರೆ. ಬೇರೆ ನಾಳಗಳಲ್ಲಿ ಬ್ಲಾಕ್ ಇದ್ದರೆ ಅದನ್ನು ಕೆಲವು ದಿನ ಅಥವಾ ವಾರಗಳ ನಂತರ ಮಾಡುವುದು ರೂಢಿ. ಹಾಗಾಗಿ ಡಾಕ್ಟರ ಹತ್ತಿರ ಕೇಳಲೇಬೇಕಾದ ಪ್ರಶ್ನೆ: ಇನ್ನೂ ಬ್ಲಾಕ್ ಉಳಿದಿದೆಯಾ, ಅದಕ್ಕೆ ಯಾವಾಗ ಏನು ಮಾಡಬೇಕು? ಉಳಿದಿದ್ದರೆ ಪಾಲಿಸಿಯ ಮಿತಿಯಲ್ಲಿ ಉಳಿದ ಹಣ ನೋಡಿ, ಅಪ್ರೂವಲ್ ತೆಗೆದುಕೊಂಡು ಅಲ್ಲೇ ಮುಗಿಸಿಕೊಂಡು ಬರುವುದು ಜಾಣತನ. ಯಾಕೆಂದರೆ ಆ ಮೂಲ ಪಾಲಿಸಿ ನಡೆಯುವುದು ಯುಎಇ ಒಳಗೆ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಖರ್ಚೆಲ್ಲ ಕೈಯಿಂದ. ವೀಸಾ ಕ್ಯಾನ್ಸಲ್ ಮಾಡಿಸಿ ಬಂದರಂತೂ ಪಾಲಿಸಿಯೂ ಮುಗಿಯಿತು.

ಊರಲ್ಲಿ ಈಗ ಹೊಸ ಪಾಲಿಸಿ ಮಾಡಿಸೋಣ ಅಂದರೆ, ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಲು ಇಲ್ಲಿನ ಕಂಪನಿಗಳಿಗೆ ಅವಕಾಶ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ನಿಮ್ಮದು ಯಾವ ಕಾರ್ಡ್ ಅಂತ ನೋಡಿಟ್ಟುಕೊಳ್ಳಿ. ಅತ್ತೆಯವರಿಗೆ ಮಗ ಕಣ್ಣೆದುರು ಬೇಕು, ಅದು ಸಹಜ. ಆದರೆ ಒಂದೆರಡು ವಾರ ತಡೆದರೆ ಲಕ್ಷಗಟ್ಟಲೆ ಉಳಿಯಬಹುದು ಅಂತ ಭಾವನಿಗಾದರೂ ಬಿಡಿಸಿ ಹೇಳಿ.

ನೀವು ಹೋಗಬೇಕಾ? ಯಜಮಾನರು ಮಾತಾಡುತ್ತಿದ್ದಾರೆ, ಐಸಿಯುನಿಂದ ವಾರ್ಡಿಗೆ ಬರುತ್ತಾರೆ ಅಂತಾದರೆ ಬೇಡ ಅನ್ನುತ್ತೇನೆ. ವೀಸಾ, ಟಿಕೆಟ್ ಒಂದು ಕಡೆ. ಉಳಿಯುವುದು ಎಲ್ಲಿ? ಅವರು ಬೆಡ್ ಸ್ಪೇಸ್‌ನಲ್ಲಿ ಇರುವವರಾದರೆ ಅದು ಹಲವರು ಒಂದೊಂದು ಹಾಸಿಗೆ ಬಾಡಿಗೆಗೆ ಹಿಡಿದ ಗಂಡಸರ ರೂಮು, ನಿಮಗೆ ಅಲ್ಲಿ ಜಾಗ ಇಲ್ಲ. ಹೋಟೆಲಿಗೆ ಸುರಿಯುವ ದುಡ್ಡು ಮುಂದಿನ ಔಷಧಿಗೆ ಬೇಕು. ಅವರಿಗೆ ಪ್ರಜ್ಞೆ ಇಲ್ಲ, ವೆಂಟಿಲೇಟರ್ ಮೇಲೆ ಇದ್ದಾರೆ, ಇಲ್ಲವೇ ಬೈಪಾಸ್ ಮಾಡಬೇಕು ಅಂದರೆ ಮಾತು ಬೇರೆ. ಆಗ ಮನೆಯವರು ಒಬ್ಬರು ಹೋಗಲೇಬೇಕು. ಪಾಸ್‌ಪೋರ್ಟ್ ಇದ್ದರೆ ಟ್ರಾವೆಲ್ಸ್‌ನವರು ಟೂರಿಸ್ಟ್ ವೀಸಾ ಮಾಡಿಸುತ್ತಾರೆ. ಇಲ್ಲದಿದ್ದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ತತ್ಕಾಲ್. ಯಾವುದಕ್ಕೂ ಇರಲಿ ಅಂತ ನಿಮ್ಮ ಪಾಸ್‌ಪೋರ್ಟಿನ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿ.

ಕಂಪನಿ ಕೈಬಿಟ್ಟರೆ, ವಿಮೆ ಮಾಡಿಸಿಯೇ ಇರಲಿಲ್ಲ ಅಂತ ಗೊತ್ತಾದರೆ ಭಾರತೀಯ ಕಾನ್ಸುಲೇಟ್ ಇದೆ. ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342, ಅಲ್ಲಿಂದಲೇ ಮಾಡಬೇಕು. ಕಷ್ಟದಲ್ಲಿರುವವರ ತುರ್ತು ಚಿಕಿತ್ಸೆಗೆ, ಊರಿಗೆ ಕಳಿಸುವುದಕ್ಕೆ 2009ರಿಂದ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಇದೆ. ನಿಜವಾಗಿ ಬೇರೆ ದಾರಿ ಇಲ್ಲದವರಿಗೆ ಅದು. ಊರಿನಿಂದ ನೀವು ದೂರು ಕೊಡುವುದಾದರೆ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ ಉಂಟು, ಪಾಸ್‌ಪೋರ್ಟ್ ನಂಬರ್ ಬೇಕಾಗುತ್ತದೆ. ಹತ್ತನೇ ಕ್ಲಾಸ್ ಆಗದ ಇಸಿಆರ್ (ಹೋಗುವ ಮೊದಲು ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟಿನವರಾದರೆ ಹೋಗುವಾಗ ಪ್ರವಾಸಿ ಭಾರತೀಯ ಬಿಮಾ ಮಾಡಿಸಿರುತ್ತಾರೆ. ಅದು ಎರಡು ಅಥವಾ ಮೂರು ವರ್ಷದ್ದು, ನವೀಕರಿಸಿಲ್ಲದಿದ್ದರೆ ಯಾವತ್ತೋ ಮುಗಿದಿರುತ್ತದೆ. ಅದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ನಮ್ಮ ಕರಾವಳಿಯ ಎಲ್ಲ ಸಮುದಾಯದ ಸಂಘಗಳೂ ಅಲ್ಲಿವೆ. ಅನುವಾದಕ್ಕೆ, ಆಸ್ಪತ್ರೆಗೆ ಓಡಾಡಲು ಅವರು ತುಂಬಾ ಉಪಕಾರ ಮಾಡುತ್ತಾರೆ. ಬಿಲ್ ಬಾಕಿ ಉಳಿಸಿ ಸುಮ್ನೆ ವಿಮಾನ ಹತ್ತಿ ಬನ್ನಿ ಅಂತ ಯಾರಾದರೂ ಹೇಳಿದರೆ ಮಾತ್ರ ಕೇಳಬೇಡಿ. ಕೇಸಾದರೆ ಟ್ರಾವೆಲ್ ಬ್ಯಾನ್ ಬೀಳುತ್ತದೆ, ಏರ್‌ಪೋರ್ಟಿನಲ್ಲೇ ತಡೆಯುತ್ತಾರೆ.

ಡಿಸ್ಚಾರ್ಜ್ ದಿನ ಬೆಳಿಗ್ಗೆ ಮನೆಗೆ ಹೋಗಬಹುದು ಅಂದರೂ ಹೊರಗೆ ಬರುವಾಗ ಸಂಜೆ ಆಗಬಹುದು. ವಿಮೆಯವರ ಕೊನೆಯ ಅಪ್ರೂವಲ್ ಬರಬೇಕು, ಅಷ್ಟೇ. ಆ ಸಮಯವನ್ನು ಕಾಗದ ಸೇರಿಸಲು ಬಳಸಿಕೊಳ್ಳಲಿ. ಡಿಸ್ಚಾರ್ಜ್ ಸಮ್ಮರಿ, ಆಂಜಿಯೋಗ್ರಾಂ ಸಿಡಿ, ಎಕೋ ಮತ್ತು ಇಸಿಜಿ, ರಕ್ತ ಪರೀಕ್ಷೆಯ ರಿಪೋರ್ಟ್, ಸ್ಟೆಂಟ್ ಕಾರ್ಡ್. ಸಿಡಿ ಕೇಳದಿದ್ದರೆ ಕೊಡುವುದಿಲ್ಲ, ಎಷ್ಟೋ ಜನ ಅದಿಲ್ಲದೆ ಬರುತ್ತಾರೆ. ಆಮೇಲೆ ಇಲ್ಲಿ ನಾವು ಬರೀ ಬರಹ ಓದಿ ಒಳಗೇನಾಗಿದೆ ಅಂತ ಊಹಿಸಬೇಕಾಗುತ್ತದೆ.

ಡಾಕ್ಟರು ಪ್ರಯಾಣಕ್ಕೆ ಒಪ್ಪಿದ ಮೇಲೆ ಟಿಕೆಟ್ ಮಾಡುವಾಗ ವಿಮಾನ ಕಂಪನಿಗೆ ಕಾಯಿಲೆ ವಿಷಯ ಮುಚ್ಚಿಡಬೇಡಿ. ಮೆಡಿಫ್ ಅನ್ನುವ ಫಾರ್ಮ್ ಕೊಡುತ್ತಾರೆ, ಅದನ್ನು ಚಿಕಿತ್ಸೆ ಕೊಟ್ಟ ಡಾಕ್ಟರು ತುಂಬಬೇಕು. ವೀಲ್‌ಚೇರ್ ಬುಕ್ ಮಾಡಲಿ, ನಾಚಿಕೆ ಪಡುವಂಥದ್ದಲ್ಲ. ಮಂಗಳೂರಿಗೆ ನೇರ ವಿಮಾನವೇ ಇರಲಿ, ಮುಂಬೈಯಲ್ಲಿ ಇಳಿದು ಟರ್ಮಿನಲ್ ಬದಲಿಸುವುದು ಬೇಡ. ಮಾತ್ರೆ ಎಲ್ಲ ಕೈಚೀಲದಲ್ಲಿ, ಚೀಟಿ ಸಮೇತ. ಊರಿಗೆ ಹೋಗುತ್ತಿದ್ದೇನೆ ಅಂತ ನಿಡೋ, ಟ್ಯಾಂಗ್ ಕಟ್ಟಿದ ಮೂವತ್ತು ಕೆಜಿ ಕಾರ್ಟನ್ ಎತ್ತುವ ಅಭ್ಯಾಸ ಈ ಸಲಕ್ಕೆ ಬಿಡಬೇಕು. ಮಣಿಕಟ್ಟಿನ ಮೂಲಕ ಸ್ಟೆಂಟ್ ಹಾಕಿದ್ದರೆ ಆ ಕೈಗೆ ಭಾರ ಬೀಳಲೇಬಾರದು.

ಔಷಧಿ ವಿಷಯದಲ್ಲಿ ನಾನು ಕಟ್ಟುನಿಟ್ಟು. ಆಸ್ಪಿರಿನ್ ಮತ್ತು ಅದರ ಜೊತೆಯ ಎರಡನೇ ಮಾತ್ರೆ (ಕ್ಲೊಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಇರಬಹುದು) ಎರಡೂ ಒಟ್ಟಿಗೆ ಸಾಮಾನ್ಯವಾಗಿ ಒಂದು ವರ್ಷ ಬೇಕು. ಅದನ್ನು ತಾನಾಗಿ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಮತ್ತೆ ಅಟ್ಯಾಕ್ ಆದರೆ ಅದು ಮೊದಲಿನದಕ್ಕಿಂತ ಕೆಟ್ಟದು. ಹಲ್ಲು ಕೀಳಿಸಲು ಹೋದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಅಲ್ಲಿಂದ ತಂದದ್ದು ಮುಗಿಯುವ ಒಂದು ವಾರ ಮೊದಲೇ ಇಲ್ಲಿ ಅದೇ ಮೂಲ ಹೆಸರಿನ ಔಷಧಿ ತೆಗೆದುಕೊಳ್ಳಿ. ಸಿಗರೇಟು ಇದ್ದರೆ ಅದು ಅಲ್ಲೇ ಮುಗಿಯಿತು ಅಂತ ನೀವೇ ಹೇಳಿ, ನಾವು ಹೇಳಿದರೆ ತಲೆ ಆಡಿಸಿ ಹೋಗುತ್ತಾರೆ.

ಊರಿಗೆ ಬಂದ ಮೇಲೆ ಕಂಕನಾಡಿಯೋ ಅತ್ತಾವರವೋ ಮಣಿಪಾಲವೋ, ನಿಮಗೆ ಓಡಾಡಲು ಸುಲಭವಾದ ಕಡೆ ಒಬ್ಬ ಕಾರ್ಡಿಯಾಲಜಿಸ್ಟ್ ಹತ್ತಿರ ಒಂದು ವಾರದೊಳಗೆ ತೋರಿಸಿ. ನೋಡಲು ಬರುವ ನೆಂಟರಿಗೆ ಸಂಜೆ ಒಂದು ಗಂಟೆಯ ಹೊತ್ತು ಮಾತ್ರ ಅಂತ ಗೊತ್ತುಮಾಡಿ. ಯುಎಇ ಹೊರಗೆ ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಸಾಮಾನ್ಯ ರೆಸಿಡೆನ್ಸ್ ವೀಸಾ ರದ್ದಾಗುತ್ತದೆ. ಆದ್ದರಿಂದ ರಜೆ ಎಷ್ಟು ದಿನ, ವಾಪಸ್ ಯಾವಾಗ ಅಂತ ಎಚ್‌ಆರ್‌ನಿಂದ ಬರಹದಲ್ಲಿ ತೆಗೆದುಕೊಂಡೇ ಹೊರಡಲಿ. ಎಕೋ ರಿಪೋರ್ಟ್ ಮತ್ತು ಆಂಜಿಯೋಗ್ರಾಂ ರಿಪೋರ್ಟ್ ಕೈಗೆ ಸಿಕ್ಕ ದಿನವೇ ನನಗೊಂದು ಪ್ರತಿ ಕಳಿಸಿ, ಎರಡನೇ ಸ್ಟೆಂಟ್ ಬೇಕೋ ಬೇಡವೋ ಅನ್ನುವ ಮಾತು ಬಂದರೆ ಅಲ್ಲಿನ ಡಾಕ್ಟರನ್ನು ಏನು ಕೇಳಬೇಕು ಅಂತ ಬರೆದು ಕಳಿಸುತ್ತೇನೆ.